ಪಬ್ ಮಾಲೀಕ, ಬ್ಯಾಂಡು ಮತ್ತು ಬರೆದಿಡದ ಕರಾರು

ಬೆಂಗಳೂರಿನ ಪಬ್ಬುಗಳಲ್ಲಿ ಬ್ಯಾಂಡ್‌ಗಳಿಗೆ ಕೆಲಸ ಗೊತ್ತಾಗುವುದು ಬಹುಪಾಲು ವಾಟ್ಸಾಪ್‌ನಲ್ಲೇ. ಪಬ್ಬಿನ ಕಡೆಯಿಂದ ಕಾರ್ಯಕ್ರಮ ನೋಡಿಕೊಳ್ಳುವ ಹುಡುಗ "ಬ್ರೋ, ಇಪ್ಪತ್ತೆರಡಕ್ಕೆ ಫ್ರೀನಾ?" ಎಂದು ಕೇಳುತ್ತಾನೆ. ಬ್ಯಾಂಡಿನವರಲ್ಲಿ ಒಬ್ಬರು "ಫ್ರೀ ಇದ್ದೀವಿ" ಅನ್ನುತ್ತಾರೆ. ದುಡ್ಡಿನ ಮಾತು ಒಂದು ಸಾಲಿನಲ್ಲಿ, ಸಮಯದ ಮಾತು ಇನ್ನೊಂದು ಸಾಲಿನಲ್ಲಿ ಮುಗಿಯುತ್ತದೆ. ಮಳೆ ಹಿಡಿದು ಜನ ಬರದೇ ಹೋದರೆ ಏನು ಗತಿ, ಪೊಲೀಸರು ಹತ್ತು ಗಂಟೆಗೆ ಬಂದು ಸೌಂಡ್ ನಿಲ್ಲಿಸಿದರೆ ಪೂರ್ತಿ ಹಣವೋ ಅರ್ಧವೋ, ಆ ಹಣ ಅಂದೇ ರಾತ್ರಿ ಕೈಗೆ ಬರುತ್ತದೋ ಎರಡು ತಿಂಗಳು ಕಾಯಬೇಕೋ, ಡ್ರಮ್ ಕಿಟ್ ಯಾರು ತರಬೇಕು, ಹಾಡುಗಳ ಲೈಸೆನ್ಸ್ ಯಾರು ಮಾಡಿಸಬೇಕು? ಇವುಗಳಲ್ಲಿ ಒಂದೂ ಆ ಮಾತುಕತೆಯಲ್ಲಿ ಬರುವುದಿಲ್ಲ.

ಅದೇ ಮಾಲೀಕರ ಆಫೀಸಿನ ಕಪಾಟು ತೆರೆದು ನೋಡಿ, ಕಾಗದಕ್ಕೆ ಏನೂ ಬರವಿಲ್ಲ. ಮದ್ಯ ಮಾರಲು ಅಬಕಾರಿ ಇಲಾಖೆಯ ಸಿಎಲ್-9 ಸನ್ನದು, ಪಾಲಿಕೆಯ ಟ್ರೇಡ್ ಲೈಸೆನ್ಸ್, ಆಹಾರ ಸುರಕ್ಷತೆಯ ಪರವಾನಗಿ, ಅಗ್ನಿಶಾಮಕ ದಳದ ಎನ್‌ಒಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಕಟ್ಟಡದ ಒಸಿ (ಸ್ವಾಧೀನಾನುಭವ ಪತ್ರ), ಇವೆಲ್ಲದರ ಮೇಲೆ ಪೊಲೀಸ್ ಆಯುಕ್ತರಿಂದ ಸಾರ್ವಜನಿಕ ಮನರಂಜನೆಯ ಲೈಸೆನ್ಸ್. ಸರ್ಕಾರಕ್ಕೂ ಮಾಲೀಕರಿಗೂ ನಡುವೆ ಕಾಗದ ವಿಪರೀತ, ಮಾಲೀಕರಿಗೂ ಬ್ಯಾಂಡಿಗೂ ನಡುವೆ ಒಂದು ಹಾಳೆಯೂ ಇಲ್ಲ. ಈ ನಗರದ ಲೈವ್ ಸಂಗೀತ ಮತ್ತೆ ಮತ್ತೆ ಕುಸಿದು ಬೀಳುವುದಕ್ಕೆ ಇವೆರಡೂ ಸೇರಿಯೇ ಕಾರಣ ಎಂಬುದು ನನ್ನ ವಾದ. ಮೇಲಿನಿಂದ ಒತ್ತಡ ಬಂದಾಗಲೆಲ್ಲ ಮಾಲೀಕರು ಮೊದಲು ಕೈಬಿಡುವುದು ಬ್ಯಾಂಡನ್ನು. ಬೇರೆ ಯಾವುದನ್ನು ಬಿಟ್ಟರೂ ದಂಡವಿದೆ, ಬ್ಯಾಂಡನ್ನು ಬಿಟ್ಟರೆ ಯಾವ ದಂಡವೂ ಇಲ್ಲ.

ಮೊದಲು ದುಡ್ಡಿನ ವಿಷಯ. ಒಂದು ಗುರುವಾರದ ರಾತ್ರಿಯ ಲೆಕ್ಕ ಹಾಕೋಣ. ಅಂಕಿಗಳನ್ನು ಉದಾಹರಣೆಗೆಂದು ಇಟ್ಟುಕೊಂಡಿದ್ದೇನೆ, ಪಬ್ಬಿನಿಂದ ಪಬ್ಬಿಗೆ ಅವು ಬದಲಾಗುತ್ತವೆ. ನಾಲ್ಕು ಜನರ ಬ್ಯಾಂಡಿಗೆ 20,000 ರೂಪಾಯಿ ಮಾತಾಗಿದೆ ಎನ್ನಿ. ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಎಂದು ಶೇ. 10 ಹಿಡಿದರೆ ಕೈಗೆ ಬರುವುದು 18,000. ಅಭ್ಯಾಸಕ್ಕೆ ಜ್ಯಾಮ್ ರೂಮ್ ಬಾಡಿಗೆ 2,000, ವಾದ್ಯ ಹೊತ್ತು ಹೋಗಿಬರುವ ಕ್ಯಾಬ್ 2,500, ಜೊತೆಗೆ ಕರೆದೊಯ್ದ ಸೌಂಡ್ ಎಂಜಿನಿಯರ್‌ಗೆ 2,500. ಉಳಿದದ್ದು 11,000, ತಲೆಗೆ 2,750 ರೂಪಾಯಿ. ಸಂಜೆ ನಾಲ್ಕಕ್ಕೆ ಸೌಂಡ್‌ಚೆಕ್‌ಗೆ ಹೋದವರು ಮನೆ ಸೇರುವಾಗ ರಾತ್ರಿ ಒಂದೂವರೆ. ಅಭ್ಯಾಸದ ದಿನಗಳನ್ನೂ ಗಿಟಾರ್ ಕೊಂಡ ಸಾಲದ ಕಂತನ್ನೂ ಇದರಲ್ಲಿ ಸೇರಿಸಿಲ್ಲ.

ಈಗ ಗಲ್ಲಾಪೆಟ್ಟಿಗೆಯ ಕಡೆಯಿಂದ ನೋಡಿ. ಬ್ಯಾಂಡ್ ಇಲ್ಲದ ಗುರುವಾರ ಆ ಪಬ್ಬಿಗೆ 70 ಜನ ಬರುತ್ತಾರೆ, ಸರಾಸರಿ ಬಿಲ್ಲು 1,200 ರೂಪಾಯಿ, ಒಟ್ಟು 84,000. ಬ್ಯಾಂಡ್ ಇದ್ದ ದಿನ 100 ಜನ ಬಂದರೆ 1,20,000. ಹೆಚ್ಚಾದ 36,000ದಲ್ಲಿ ಅರ್ಧ ಮದ್ಯ ಮತ್ತು ಅಡುಗೆ ಸಾಮಾನಿನ ಖರೀದಿಗೇ ಹೋಗುತ್ತದೆ. ಉಳಿದ 18,000 ರೂಪಾಯಿಗೆ ಎದುರಾಗಿ ಬ್ಯಾಂಡಿಗೆ 20,000, ಸೌಂಡ್ ಬಾಡಿಗೆ 8,000. ಅಂದರೆ ಮೂವತ್ತು ಜನ ಹೆಚ್ಚು ಬಂದರೂ ಆ ರಾತ್ರಿ ಮಾಲೀಕರಿಗೆ 10,000 ರೂಪಾಯಿ ನಷ್ಟ. ಹಾಕಿದ ದುಡ್ಡು ವಾಪಸಾಗಬೇಕಾದರೆ 47 ಜನ ಹೆಚ್ಚು ಬರಬೇಕು.

ಬ್ಯಾಂಡಿನವರ ಸಿಟ್ಟು ಮತ್ತು ಮಾಲೀಕರ ಜಿಪುಣತನ ಎರಡೂ ಒಂದೇ ಲೆಕ್ಕದಿಂದ ಹುಟ್ಟಿದವು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. 2,750 ರೂಪಾಯಿಗೆ ಯಾರೂ ಸಂಗೀತವನ್ನೇ ನಂಬಿ ಬಾಳಲಾರರು, 10,000 ನಷ್ಟವನ್ನು ಯಾವ ವ್ಯಾಪಾರಿಯೂ ಪ್ರತಿ ವಾರ ಹೊರಲಾರ. "ಎಷ್ಟು ಜನ ಕರ್ಕೊಂಡು ಬರ್ತೀರಾ?" ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲಿ. ಹೊಸ ಬ್ಯಾಂಡ್‌ಗಳು ಅತಿ ಹೆಚ್ಚು ಅವಮಾನಪಡುವುದು ಈ ಪ್ರಶ್ನೆಗೆ. ನುಡಿಸುವ ಕೆಲಸಕ್ಕೆ ಬಂದವರಿಗೆ ಗಿರಾಕಿ ತರುವ ಕೆಲಸವನ್ನೂ ಹೊರಿಸಿದಂತೆ ಅದು ಕೇಳಿಸುತ್ತದೆ. ಮೊದಲ ಗಿಗ್‌ಗೆ, ಅಂದರೆ ಕಾರ್ಯಕ್ರಮಕ್ಕೆ, ಗೆಳೆಯರು, ಕಾಲೇಜಿನವರು, ಆಫೀಸಿನವರು ಬಂದು ಟೇಬಲ್ ತುಂಬಿಸುತ್ತಾರೆ. ಎರಡನೆಯದಕ್ಕೆ ಅರ್ಧ ಜನ. ಮೂರನೆಯದಕ್ಕೆ ಅವರೆಲ್ಲರ ತಿಂಗಳ ಸಂಬಳದಲ್ಲಿ ಬಿಯರ್‌ಗೆ ಜಾಗವಿರುವುದಿಲ್ಲ. ಬ್ಯಾಂಡು ಚೆನ್ನಾಗಿ ನುಡಿಸಿತೋ ಇಲ್ಲವೋ ಎಂಬುದಕ್ಕೂ ಈ ಇಳಿಕೆಗೂ ಸಂಬಂಧವಿಲ್ಲ, ಆದರೂ ಮಾಲೀಕರ ಕಣ್ಣಿಗೆ ಅದು "ಕ್ರೌಡ್ ಎಳೆಯದ ಬ್ಯಾಂಡ್" ಆಗಿಬಿಡುತ್ತದೆ.

ಲೆಕ್ಕದಲ್ಲಿ ಕಾಣದ ಲಾಭವೂ ಇದೆ. ಹಾಡು ಹಿಡಿಸಿದರೆ ಒಂಬತ್ತಕ್ಕೆ ಎದ್ದು ಹೋಗಬೇಕಿದ್ದ ಟೇಬಲ್ಲು ಹನ್ನೊಂದರವರೆಗೆ ಕೂರುತ್ತದೆ. ಗುರುವಾರ ಅಲ್ಲಿ ಹಾಡಿರುತ್ತದೆ ಎಂಬ ರೂಢಿ ಬಿದ್ದರೆ ಜನ ಬ್ಯಾಂಡಿನ ಹೆಸರನ್ನೂ ಕೇಳದೆ ಬರುತ್ತಾರೆ. ಆ ರೂಢಿ ಬೀಳಲು ತಿಂಗಳುಗಳು ಬೇಕು, ಮೂರು ವಾರಕ್ಕೆ ಬೀಳುವಂಥದ್ದಲ್ಲ. ಇಂದಿರಾನಗರದಲ್ಲಿ 2013ರಿಂದ 2019ರವರೆಗೆ ನಡೆದ 'ದ ಹಮ್ಮಿಂಗ್ ಟ್ರೀ' ಇಂಥ ರೂಢಿಯನ್ನು ಕಟ್ಟಿದ ಜಾಗ. ಸ್ವಂತ ಹಾಡು ಬರೆಯುವ ಬ್ಯಾಂಡ್‌ಗಳನ್ನು ಕೇಳಲೆಂದೇ ಅಲ್ಲಿಗೆ ಜನ ಹೋಗುತ್ತಿದ್ದರು. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಜಾಝ್ ಕೇಳುವವರಿಗಾಗಿ ಬೇರೆಯೇ ರಂಗಮಂದಿರ ಕಟ್ಟಿಕೊಂಡಿತು. ಇಂಥ ಕಡೆ ಹಾಡೇ ಮುಖ್ಯ ಸರಕು, ಊಟ ಕುಡಿತ ಅದರ ಜೊತೆಗೆ. ಉಳಿದ ಬಹುಪಾಲು ಪಬ್ಬುಗಳಲ್ಲಿ ಬ್ಯಾಂಡು ಹೂವಿನ ಅಲಂಕಾರದ ಖರ್ಚಿನ ಸಾಲಿನಲ್ಲಿ ಬರುತ್ತದೆ. ವ್ಯಾಪಾರ ಇಳಿದ ತಿಂಗಳು ಮೊದಲು ಕತ್ತರಿ ಬೀಳುವುದು ಆ ಸಾಲಿಗೆ.

ಹಣ ಹಂಚಿಕೊಳ್ಳುವ ಬಗೆಯಲ್ಲೇ ಒಂದು ಮೋಸದ ಬಾಗಿಲಿದೆ, ಅದನ್ನು ಹೇಳಲೇಬೇಕು. ಬಾಗಿಲಲ್ಲಿ ಕವರ್ ಚಾರ್ಜ್ ಎಂದು 1,000 ರೂಪಾಯಿ ಪಡೆದು, ಅಷ್ಟೂ ಹಣಕ್ಕೆ ಒಳಗೆ ಊಟ ಕುಡಿತ ಕೊಡುವ ಪದ್ಧತಿ ಬಹಳ ಕಡೆ ಇದೆ. ಪೋಸ್ಟರಿನಲ್ಲಿ ಬ್ಯಾಂಡಿನ ಹೆಸರು, ಅದರ ಕೆಳಗೆ ಈ ಮೊತ್ತ. ನೋಡಿದವರು ಟಿಕೆಟ್ ಹಣವೆಂದುಕೊಳ್ಳುತ್ತಾರೆ. ಅದರಲ್ಲಿ ಒಂದು ಪೈಸೆಯೂ ಹಾಡಿಗೆ ಹೋಗುವುದಿಲ್ಲ, ಅದು ಬರೇ ಮುಂಗಡ ಬಿಲ್ಲು. ಹಾಡಿಗೆ ದುಡ್ಡು ಕೊಡುವ ಅಭ್ಯಾಸ ಕೇಳುಗರಲ್ಲಿ ಬೆಳೆಯದಿರಲು ಇದೂ ಕಾರಣ. 200 ರೂಪಾಯಿಯಾದರೂ ಸರಿ, ಹಾಡಿನ ಟಿಕೆಟ್ ಎಂದು ಪ್ರತ್ಯೇಕವಾಗಿ ಪಡೆದು, ಬ್ಯಾಂಡಿಗೆ ಒಂದು ಖಾತ್ರಿ ಮೊತ್ತ ಕೊಟ್ಟು, ಅದರ ಮೇಲೆ ಟಿಕೆಟ್ ಹಣದಲ್ಲಿ ದೊಡ್ಡ ಪಾಲು ಕೊಡುವುದು ಇಬ್ಬರಿಗೂ ಹೊಂದುವ ದಾರಿ. ಜನ ಬರದ ರಾತ್ರಿ ಮಾಲೀಕರ ಹೊರೆ ಇಳಿಯುತ್ತದೆ, ತುಂಬಿದ ರಾತ್ರಿ ಬ್ಯಾಂಡಿನ ಗಳಿಕೆ ಏರುತ್ತದೆ. ಇದಕ್ಕೆ ಬೇಕಾದದ್ದು ಎಷ್ಟು ಟಿಕೆಟ್ ಮಾರಾಟವಾಯಿತು ಎಂಬ ಲೆಕ್ಕವನ್ನು ಬ್ಯಾಂಡಿಗೆ ತೋರಿಸುವ ಮನಸ್ಸು. ನಾನು ಕಂಡಂತೆ ಜಗಳ ನಿಲ್ಲುವುದೂ ಶುರುವಾಗುವುದೂ ಈ ಲೆಕ್ಕದ ಪುಸ್ತಕದ ಹತ್ತಿರವೇ.

ನಮ್ಮ ನಾಡಿನಲ್ಲಿ ಕಲಾವಿದರಿಗೂ ಯಜಮಾನರಿಗೂ ನಡುವಿನ ವ್ಯವಹಾರ ಹೀಗೆ ಗಾಳಿಯಲ್ಲಿ ತೇಲುತ್ತಿರಲಿಲ್ಲ. ಯಕ್ಷಗಾನದ ಮೇಳಗಳನ್ನು ನೋಡಿ. ದೀಪಾವಳಿಯ ಆಸುಪಾಸಿನಿಂದ ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ತಿರುಗಾಟ. ಯಾರು ಯಾವ ಮೇಳಕ್ಕೆ ಎಂಬುದು ಮೊದಲೇ ನಿಶ್ಚಯ, ಮುಂಗಡ ಪಡೆದವರು ಆ ವರ್ಷ ಮೇಳ ಬಿಡುವಂತಿಲ್ಲ, ಊಟ ಪ್ರಯಾಣದ ಹೊಣೆ ಯಜಮಾನರದ್ದು. ಆ ವ್ಯವಸ್ಥೆಯಲ್ಲೂ ಶೋಷಣೆ ಇತ್ತು, ಮುಂಗಡದ ಋಣದಲ್ಲಿ ಸಿಕ್ಕಿಬಿದ್ದ ಕಲಾವಿದರಿದ್ದರು. ಹಾಗಿದ್ದರೂ ಯಾರ ಹೊಣೆ ಯಾವುದು ಎಂಬುದು ಊರಿಗೆಲ್ಲ ಗೊತ್ತಿತ್ತು. ಪಬ್ಬಿನ ಸಂಗೀತಕ್ಕೆ ಅಂಥ ರೂಢಿಯ ಬಲವೂ ಬಂದಿಲ್ಲ, ಬರಹದ ಬಲವೂ ಬಂದಿಲ್ಲ.

ಕನ್ನಡದ ಬ್ಯಾಂಡ್‌ಗಳ ಪಾಡು ಇನ್ನೂ ಒಂದು ಹೆಜ್ಜೆ ಕೆಳಗೆ. ಶನಿವಾರದ ರಾತ್ರಿ ಹಿಂದಿ ಹಾಡುಗಳಿಗೆ, ಸೂಫಿ ನೈಟ್‌ಗೆ ಮೀಸಲು. ಸ್ವಂತ ಹಾಡಿನ ಇಂಗ್ಲಿಷ್ ಬ್ಯಾಂಡಿಗೆ ವಾರದ ಮಧ್ಯದ ದಿನ. ಕನ್ನಡಕ್ಕೆ ನವೆಂಬರ್. ರಾಜ್ಯೋತ್ಸವದ ತಿಂಗಳು ಡೈರಿ ತುಂಬಿ, ಒಂದೇ ದಿನ ಎರಡು ಕಡೆ ಓಡುವ ಬ್ಯಾಂಡು ಡಿಸೆಂಬರ್‌ನಿಂದ ಫೋನಿಗಾಗಿ ಕಾಯುತ್ತ ಕೂರುತ್ತದೆ. ರಘು ದೀಕ್ಷಿತ್ ಪ್ರಾಜೆಕ್ಟ್, ಸ್ವರಾತ್ಮದಂಥ ತಂಡಗಳು ಕನ್ನಡದಲ್ಲಿ ಹಾಡಿ ದೇಶ ವಿದೇಶದ ವೇದಿಕೆ ಕಂಡಿವೆ. ಹಾಗಾಗಿ ಕನ್ನಡ ಹಾಡಿಗೆ ಕೇಳುಗರಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಬೇಡಿಕೆಯನ್ನು ಅಳೆದೇ ನೋಡದೆ, ನವೆಂಬರಿನಲ್ಲಿ ಒಂದು ಕನ್ನಡ ನೈಟ್ ಇಟ್ಟು ಕೈತೊಳೆದುಕೊಳ್ಳುವುದು ಸುಲಭವಾದ್ದರಿಂದ ಹೀಗಾಗಿದೆ. ಫೆಬ್ರವರಿಯ ಎರಡನೇ ಶುಕ್ರವಾರ ಕನ್ನಡ ಬ್ಯಾಂಡಿಗೆ ಕೊಟ್ಟು ನೋಡುವ ಮಾಲೀಕರು ಬೇಕು.

ಇನ್ನು ಮೇಲಿನ ಕಾಗದದ ಕಥೆ.

2005ರಲ್ಲಿ ಬೆಂಗಳೂರು ನಗರ ಪೊಲೀಸ್ ಆಯುಕ್ತರು ಕರ್ನಾಟಕ ಪೊಲೀಸ್ ಕಾಯ್ದೆ 1963ರ 31ನೇ ಕಲಮಿನಡಿ ಸಾರ್ವಜನಿಕ ಮನರಂಜನಾ ಸ್ಥಳಗಳ ಲೈಸೆನ್ಸ್ ಮತ್ತು ನಿಯಂತ್ರಣದ ಆದೇಶ ಹೊರಡಿಸಿದರು. ಕ್ಯಾಬರೆ, ಡಿಸ್ಕೊತೆಕ್, ಲೈವ್ ಬ್ಯಾಂಡ್ ಮೂರನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ಅದು ಷರತ್ತು ವಿಧಿಸಿತು. ಆಗ ಆಡಳಿತದ ಕಣ್ಣಲ್ಲಿದ್ದದ್ದು ಮಹಿಳೆಯರು ಹಾಡಿ ಕುಣಿಯುತ್ತಿದ್ದ ಬಾರ್‌ಗಳು, ಪೊಲೀಸ್ ದಾಳಿಯ ಸುದ್ದಿಯಲ್ಲಿ ಪತ್ರಿಕೆಗಳು 'ಲೈವ್ ಬ್ಯಾಂಡ್' ಎಂದು ಬರೆಯುತ್ತಿದ್ದದ್ದು ಇವನ್ನೇ. ಗಿಟಾರ್ ಹಿಡಿದು ಹಾಡುವ ನಾಲ್ಕು ಜನರ ತಂಡವೂ ಅದೇ ಬಲೆಯೊಳಗೆ ಬಂತು. ಆದೇಶವನ್ನು ಪ್ರಶ್ನಿಸಿ ಕರ್ನಾಟಕ ಲೈವ್ ಬ್ಯಾಂಡ್ ರೆಸ್ಟೋರೆಂಟ್ಸ್ ಅಸೋಸಿಯೇಷನ್ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2018ರ ಜನವರಿ 25ರಂದು ನ್ಯಾಯಮೂರ್ತಿಗಳಾದ ಆರ್.ಕೆ. ಅಗ್ರವಾಲ್ ಮತ್ತು ಅಭಯ್ ಮನೋಹರ್ ಸಪ್ರೆ ಅವರ ಪೀಠ ಆದೇಶವನ್ನು ಎತ್ತಿಹಿಡಿಯಿತು. ವ್ಯಾಪಾರ ಮಾಡುವ ಸ್ವಾತಂತ್ರ್ಯದ ಮೇಲೆ ಸಂವಿಧಾನವೇ ಒಪ್ಪುವ ಸಮಂಜಸ ನಿರ್ಬಂಧ ಇದು ಎಂದು ಹೇಳಿತು.

ಆ ವರ್ಷವೇ ಬೆಂಗಳೂರು ಪೊಲೀಸರು ಪಬ್ಬು, ರೆಸ್ಟೋರೆಂಟ್‌ಗಳಿಗೆ ಲೈಸೆನ್ಸ್ ತೋರಿಸಿ ಎನ್ನತೊಡಗಿದರು. ಲೈಸೆನ್ಸಿಗೆ ಅರ್ಜಿ ಹಾಕಬೇಕಾದರೆ ಕಟ್ಟಡದ ಒಸಿ ಬೇಕು, ಈ ನಗರದಲ್ಲಿ ಒಸಿ ಇಲ್ಲದ ಕಟ್ಟಡಗಳೇ ಹೇರಳ. ಮನೆ ಕಟ್ಟಲು ಹಂಚಿದ ಸೈಟಿನಲ್ಲಿ ಪಬ್ ಎದ್ದಿರುವ ಕಡೆಯಂತೂ ಸಿಗುವ ಮಾತೇ ಇಲ್ಲ. ಮಾಲೀಕರು ಮಾಡಿದ್ದು ಊಹಿಸಬಹುದಾದದ್ದೇ. ಬಾರ್ ಮುಚ್ಚಲಿಲ್ಲ, ಅಡುಗೆಮನೆ ಮುಚ್ಚಲಿಲ್ಲ, ವೇದಿಕೆ ತೆಗೆದರು. ನಿಶ್ಚಯವಾಗಿದ್ದ ಗಿಗ್‌ಗಳು ಒಂದೊಂದಾಗಿ ರದ್ದಾದವು. ಬರೆದ ಕರಾರಿದ್ದು, ಇಂತಿಷ್ಟು ದಿನ ಮೊದಲು ತಿಳಿಸದೆ ರದ್ದು ಮಾಡಿದರೆ ಅರ್ಧ ಹಣ ಕೊಡಬೇಕು ಎಂಬ ಒಂದು ಸಾಲು ಅದರಲ್ಲಿದ್ದಿದ್ದರೆ, ಮಾಲೀಕರು ಲೈಸೆನ್ಸಿಗಾಗಿ ಇನ್ನೊಂದಿಷ್ಟು ಓಡಾಡುತ್ತಿದ್ದರು ಎಂದು ನನಗನಿಸುತ್ತದೆ. ಬ್ಯಾಂಡನ್ನು ಕಳೆದುಕೊಳ್ಳುವುದಕ್ಕೆ ಬೆಲೆಯೇ ಇರಲಿಲ್ಲ.

ಲೈಸೆನ್ಸ್ ಎಂಬುದೇ ಕಿರುಕುಳ ಎಂದು ವಾದಿಸುವವರ ಜೊತೆ ನಾನಿಲ್ಲ. ಅದೇ 2018ರ ಜನವರಿಯಲ್ಲಿ ಕಲಾಸಿಪಾಳ್ಯದ ಬಾರ್ ಒಂದರಲ್ಲಿ ಬೆಂಕಿ ಬಿದ್ದು ಒಳಗೆ ಮಲಗಿದ್ದ ಐವರು ನೌಕರರು ಸತ್ತರು. ಅದಕ್ಕೆ ಕೆಲವೇ ದಿನ ಮೊದಲು ಮುಂಬೈನ ಕಮಲಾ ಮಿಲ್ಸ್‌ನಲ್ಲಿ 14 ಜನ. 2025ರ ಡಿಸೆಂಬರ್‌ನಲ್ಲಿ ಗೋವಾದ ಅರ್ಪೋರಾದ ನೈಟ್‌ಕ್ಲಬ್‌ನಲ್ಲಿ 25 ಜನ. ಇಂಥ ಕಡೆ ಹೊರಹೋಗುವ ದಾರಿ ಯಾವುದು ಎಂಬುದು ವೇದಿಕೆಯ ಮೇಲೆ ನಿಂತವರಿಗೂ ಜೀವದ ಪ್ರಶ್ನೆ, ಎಷ್ಟೋ ಕಡೆ ವೇದಿಕೆ ಇರುವುದೇ ಬಾಗಿಲಿನಿಂದ ಅತಿ ದೂರದ ಮೂಲೆಯಲ್ಲಿ. ಬೆಂಕಿಯ ಎನ್‌ಒಸಿ ತೋರಿಸಿ ಎಂದು ಕೇಳುವ ಹಕ್ಕು ಬ್ಯಾಂಡಿಗೆ ಇರಬೇಕು. ನನ್ನ ತಕರಾರು ಬೇರೆ: ಬೆಂಕಿಯ ಅಪಾಯ ಎಷ್ಟು ಜನ ಒಳಗಿದ್ದಾರೆ, ಎಷ್ಟು ಬಾಗಿಲಿದೆ ಎಂಬುದರಿಂದ ಹುಟ್ಟುತ್ತದೆ. ಕ್ರಿಕೆಟ್ ಪಂದ್ಯದ ರಾತ್ರಿ ದೊಡ್ಡ ಪರದೆಯ ಮುಂದೆ 150 ಜನ ನಿಂತರೂ ಅದೇ ಅಪಾಯ. ಹಾಡಿದೆ ಎಂಬ ಕಾರಣಕ್ಕೆ ಅದು ಹೆಚ್ಚಾಗುವುದಿಲ್ಲ.

2018ರಲ್ಲಿ ರಾಕ್ ಬ್ಯಾಂಡ್‌ಗಳ ಅಳಲು ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂತು. ಆ ಆದೇಶದ ಮೂಲ ಗುರಿಯಾಗಿದ್ದ ಮಹಿಳೆಯರ ಬಗ್ಗೆ ಅಷ್ಟು ಕಾಳಜಿ ಕಾಣಲಿಲ್ಲ. ರಾಕ್ ಬ್ಯಾಂಡಿನವನಿಗೆ ಹಗಲು ಇನ್ನೊಂದು ಕೆಲಸ ಇರುವುದುಂಟು, ಆ ಹೆಂಗಸರಿಗೆ ಅದೊಂದೇ ದುಡಿಮೆ. ಅವರ ಮತ್ತು ಬಾರ್ ಮಾಲೀಕರ ಸಂಬಂಧದ ಬಗ್ಗೆ ಕೋರ್ಟು ಕಚೇರಿಗಳಲ್ಲಿ ಹೆಚ್ಚು ಚರ್ಚೆ ಆದದ್ದು ಮುಂಬೈಯಲ್ಲಿ, ಅಲ್ಲಿನ ಬಾರ್ ಹೋಟೆಲ್ ಮಾಲೀಕರಲ್ಲಿ ಉಡುಪಿ ಮತ್ತು ದಕ್ಷಿಣ ಕನ್ನಡದವರು ಬಹಳ. 2005ರಲ್ಲಿ ಮಹಾರಾಷ್ಟ್ರ ಡ್ಯಾನ್ಸ್ ಬಾರ್ ನಿಷೇಧಿಸಿತು, 2013ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧ ಸಲ್ಲದು ಎಂದಿತು, 2016ರಲ್ಲಿ ಸರ್ಕಾರ ಹೊಸ ಕಾಯ್ದೆ ತಂದಿತು. 2019ರ ಜನವರಿ 17ರ ತೀರ್ಪಿನಲ್ಲಿ ಕೋರ್ಟ್ ಆ ಕಾಯ್ದೆಯ ಹಲವು ಷರತ್ತು ಕಿತ್ತುಹಾಕಿತು. ಆದರೆ ಉಳಿಸಿದವುಗಳಲ್ಲಿ ಒಂದು ಇದು: ಕಲಾವಿದೆಯರ ಜೊತೆ ಲಿಖಿತ ಕರಾರು ಇರಬೇಕು, ಸಂಭಾವನೆ ಬ್ಯಾಂಕ್ ಖಾತೆಗೆ ಹೋಗಬೇಕು. 2022ರ ಫೆಬ್ರವರಿಯಲ್ಲಿ ಮುಂಬೈನ ಆರ್ಕೆಸ್ಟ್ರಾ ಬಾರ್‌ಗಳ ಇನ್ನೊಂದು ಪ್ರಕರಣದಲ್ಲಿ, ವೇದಿಕೆಯ ಮೇಲೆ ನಾಲ್ವರು ಹೆಂಗಸರು ನಾಲ್ವರು ಗಂಡಸರು ಮಾತ್ರ ಎಂಬ ಲೆಕ್ಕ ತಾರತಮ್ಯದ್ದು ಎಂದು ತೆಗೆದುಹಾಕಿತು. ಒಟ್ಟು ಎಂಟು ಜನ ಎಂಬ ಮಿತಿ ಮಾತ್ರ ಉಳಿಯಿತು.

ಪ್ರತಿಷ್ಠಿತ ಪಬ್ಬುಗಳ ಬ್ಯಾಂಡ್‌ಗಳು ಇದನ್ನು ತಮ್ಮ ಕಥೆಯಲ್ಲ ಎಂದುಕೊಂಡಿವೆ. ಲಿಖಿತ ಕರಾರು ಮತ್ತು ಖಾತೆಗೆ ಹಣ ಎಂಬ ಎರಡು ರಕ್ಷಣೆಗಳನ್ನು ಆ ಹೆಂಗಸರ ಪ್ರಕರಣದಲ್ಲಿ ದೇಶದ ಅತಿ ದೊಡ್ಡ ನ್ಯಾಯಾಲಯ ನ್ಯಾಯವೆಂದು ಒಪ್ಪಿತು. ಇಂದಿರಾನಗರದ ಗಿಟಾರಿಸ್ಟ್‌ಗೆ ಇವತ್ತಿಗೂ ಅವೆರಡು ಇಲ್ಲ.

ಸದ್ದಿನ ಜಗಳಕ್ಕೆ ಬರೋಣ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬೆಲ್ ಮಿತಿ, ವಸತಿ ಪ್ರದೇಶದಲ್ಲಿ 55 ಮತ್ತು 45. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು. ಆ ಹೊತ್ತಿನಲ್ಲಿ ಧ್ವನಿವರ್ಧಕ ಬಳಸಬೇಕಾದರೆ ಮುಚ್ಚಿದ ಆವರಣದ ಒಳಗೆ ಮಾತ್ರ. ಬೆಂಗಳೂರಿನ ಜನಪ್ರಿಯ ಪಬ್ಬುಗಳಲ್ಲಿ ಎಷ್ಟೋ ಮಹಡಿಯ ಮೇಲೆ, ಮೂರು ಬದಿ ತೆರೆದೇ ಇವೆ. ಡ್ರಮ್ ಕಿಟ್ಟಿನ ಹತ್ತಿರ ನಿಂತರೆ ಮೈಕ್ ಇಲ್ಲದೆಯೇ 100 ಡೆಸಿಬೆಲ್ ದಾಟುತ್ತದೆ. ಬೇಸ್ ಗಿಟಾರಿನ ತಗ್ಗಿನ ಸದ್ದು ಗೋಡೆ ಹಾದು ಹೋಗಿ ಪಕ್ಕದ ಮನೆಯ ಕಿಟಕಿ ನಡುಗಿಸುತ್ತದೆ. ಇಂದಿರಾನಗರ, ಕೋರಮಂಗಲದ ನಿವಾಸಿಗಳು ಹೈಕೋರ್ಟ್ ಮೆಟ್ಟಿಲೇರಿದ್ದು ಹಟಕ್ಕಲ್ಲ. ಮರುದಿನ ಪರೀಕ್ಷೆ ಇರುವ ಮಗು, ಹಾಸಿಗೆ ಹಿಡಿದ ಅಜ್ಜ ಆ ಮನೆಗಳಲ್ಲಿದ್ದಾರೆ. 2024ರಲ್ಲಿ ಸರ್ಕಾರ ನಗರದ ಬಾರ್‌ಗಳ ಅವಧಿಯನ್ನು ರಾತ್ರಿ ಒಂದರವರೆಗೆ ವಿಸ್ತರಿಸಿತು, ಸದ್ದಿನ ಮಿತಿ ಹತ್ತಕ್ಕೇ ನಿಂತಿದೆ. ಈ ಮೂರು ಗಂಟೆಯ ಅಂತರದಲ್ಲೇ ಗಿಗ್‌ನ ಎರಡನೇ ಸೆಟ್ ಬರುವುದು.

ಈ ಅಂತರದ ಹೊರೆ ಬ್ಯಾಂಡಿನ ಮೇಲೆ ಬೀಳುವ ಬಗೆ ನೋಡಿ. ಸಂಜೆ ಏಳಕ್ಕೆ ಶುರುವಾಗಬೇಕಾದ ಹಾಡನ್ನು ಜನ ತುಂಬಲಿ ಎಂದು ಮಾಲೀಕರು ಒಂಬತ್ತಕ್ಕೆ ತಳ್ಳುತ್ತಾರೆ. ಹತ್ತೂಕಾಲಿಗೆ ಪೊಲೀಸರ ಹೊಯ್ಸಳ ಗಸ್ತು ವಾಹನ ಬಂದು ನಿಲ್ಲುತ್ತದೆ. ಹಾಡು ನಿಲ್ಲುತ್ತದೆ. ಅರ್ಧವೇ ನುಡಿಸಿದಿರಿ ಎಂದು ಅರ್ಧ ಹಣ. ತಡ ಮಾಡಿದವರು ಯಾರೋ, ಕಳೆದುಕೊಂಡವರು ಯಾರೋ. ಶುರುವಾಗುವ ಹೊತ್ತನ್ನು ಕರಾರಿನಲ್ಲಿ ಬರೆದರೆ, ಪೊಲೀಸರು ನಿಲ್ಲಿಸಿದರೂ ಪೂರ್ತಿ ಹಣ ಎಂದು ಬರೆದರೆ, ಮಾಲೀಕರೇ ಏಳಕ್ಕೆ ಶುರು ಮಾಡಿಸುತ್ತಾರೆ. ಬ್ಯಾಂಡಿನ ಹೊಣೆಯೂ ಇದೆ. ಸೌಂಡ್‌ಚೆಕ್‌ನಲ್ಲಿ ಒಪ್ಪಿದ ಮಟ್ಟವನ್ನು ಎರಡನೇ ಹಾಡಿಗೇ ಮೀರಿ ಆಂಪ್ ತಿರುಗಿಸುವ ಗಿಟಾರಿಸ್ಟ್‌ಗಳು ಎಲ್ಲ ಊರಲ್ಲೂ ಇದ್ದಾರೆ. ಪಿಎ ಸಿಸ್ಟಂಗೆ (ಧ್ವನಿವರ್ಧಕ ವ್ಯವಸ್ಥೆಗೆ) ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಹಾಕಿಸುವುದು ಮಾಲೀಕರ ಖರ್ಚು, ಅದಕ್ಕೆ ತಲೆಬಾಗುವುದು ಬ್ಯಾಂಡಿನ ಶಿಸ್ತು. ಚಿಕ್ಕ ಜಾಗದಲ್ಲಿ ಪೂರ್ತಿ ಕಿಟ್ ಬದಲು ಕೈಯಲ್ಲಿ ಬಡಿಯುವ ಪೆಟ್ಟಿಗೆಯಂಥ ಕಹೋನ್ ಇಟ್ಟುಕೊಂಡು ನುಡಿಸಿದರೆ ಹಾಡಿನ ಮಾನವೇನೂ ಹೋಗುವುದಿಲ್ಲ.

ಹಾಡಿನ ಹಕ್ಕಿನ ವಿಷಯದಲ್ಲಿ ಗೊಂದಲ ಹೆಚ್ಚು, ಕಾನೂನು ಮಾತ್ರ ಸಾಕಷ್ಟು ಸ್ಪಷ್ಟವಿದೆ. ಬೇರೆಯವರ ಹಾಡನ್ನು ಪಬ್ಬಿನಲ್ಲಿ ನುಡಿಸಬೇಕಾದರೆ ಸಾಹಿತ್ಯ ಮತ್ತು ರಾಗದ ಹಕ್ಕಿಗೆ ಅನುಮತಿ ಬೇಕು, ಹಾಡು ಬರೆದವರ, ರಾಗ ಹಾಕಿದವರ ಪರವಾಗಿ 1969ರಲ್ಲಿ ಹುಟ್ಟಿದ ಐಪಿಆರ್‌ಎಸ್ ಸಂಸ್ಥೆ ಆ ಲೈಸೆನ್ಸ್ ಕೊಡುತ್ತದೆ. ಲಾಭಕ್ಕಾಗಿ ತನ್ನ ಜಾಗವನ್ನು ಅನುಮತಿಯಿಲ್ಲದ ಪ್ರದರ್ಶನಕ್ಕೆ ಬಿಟ್ಟುಕೊಟ್ಟವರೂ ಹೊಣೆಗಾರರು ಎಂದು 1957ರ ಹಕ್ಕುಸ್ವಾಮ್ಯ ಕಾಯ್ದೆಯ 51ನೇ ಕಲಮು ಹೇಳುತ್ತದೆ. ಹಾಗಾಗಿ "ಲೈಸೆನ್ಸ್ ನೀವೇ ನೋಡ್ಕೊಳ್ಳಿ" ಎಂದು ಬ್ಯಾಂಡಿಗೆ ಹೇಳಿದ ಮಾತ್ರಕ್ಕೆ ಮಾಲೀಕರು ಪಾರಾಗುವುದಿಲ್ಲ. ಬ್ಯಾಂಡ್‌ಗಳು ಮರೆಯುವ ಇನ್ನೊಂದು ಮಗ್ಗುಲಿದೆ. ತಾವೇ ಬರೆದ ಹಾಡು ನುಡಿಸುವವರು ಸಂಸ್ಥೆಯ ಸದಸ್ಯರಾಗಿ, ಆ ರಾತ್ರಿ ನುಡಿಸಿದ ಹಾಡುಗಳ ಪಟ್ಟಿ ಕೊಟ್ಟರೆ ರಾಯಧನ ಅವರಿಗೇ ಬರಬೇಕಾದದ್ದು. ಪಟ್ಟಿಯೇ ಇಲ್ಲದಿದ್ದರೆ ಹಣ ಯಾರ ಹಾಡಿಗೆ ಸಂದಾಯವಾಗಬೇಕು ಎಂಬುದು ತಿಳಿಯುವುದಾದರೂ ಹೇಗೆ?

ತಡವಾಗುವ ಪೇಮೆಂಟ್‌ಗೆ ಇರುವ ಮದ್ದು ಬಹಳ ಜನರಿಗೆ ಗೊತ್ತಿಲ್ಲ. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆ ಆ್ಯಪ್‌ಗಳ ಮೂಲಕ ದುಡಿಯುವ ಡೆಲಿವರಿ, ಕ್ಯಾಬ್ ಕಾರ್ಮಿಕರಿಗಾಗಿ ಆದದ್ದು, ಪಬ್ಬಿನಲ್ಲಿ ಹಾಡುವವರನ್ನು ಅದು ತಲುಪುವುದಿಲ್ಲ. 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ತಲುಪಬಲ್ಲದು. ಬ್ಯಾಂಡು ಸೇವಾ ಉದ್ಯಮವೆಂದು ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡರೆ, ಅದಕ್ಕೆ ಶುಲ್ಕವಿಲ್ಲ, ಆಮೇಲೆ ಪಬ್ಬು ಎಷ್ಟೇ ದೊಡ್ಡದಾದರೂ 45 ದಿನದೊಳಗೆ ಹಣ ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ ಗಡುವು ಇನ್ನೂ ಕಡಿಮೆ, 15 ದಿನ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ದೂರು ಕೇಳಲು ರಾಜ್ಯದಲ್ಲಿ ಮಂಡಳಿಯಿದೆ. ಇನ್ವಾಯ್ಸ್ ಕಳಿಸುವ ಅಭ್ಯಾಸ ಮಾತ್ರ ಬೇಕು. ದೂರು ಕೊಟ್ಟವರನ್ನು ಮತ್ತೆ ಕರೆಯುವುದಿಲ್ಲ ಎಂಬ ಭಯ ನಿಜವಾದದ್ದು. ಒಂದು ಬ್ಯಾಂಡು ಒಂಟಿಯಾಗಿ ಕೇಳಿದರೆ ಆ ಭಯ ನಿಜವಾಗುತ್ತದೆ, ಐವತ್ತು ಬ್ಯಾಂಡು ಒಂದೇ ನಮೂನೆಯ ಕರಾರು ಮುಂದಿಟ್ಟರೆ ಮಾಲೀಕರು ಯಾರನ್ನು ಬಿಟ್ಟು ಯಾರನ್ನು ಕರೆಯುತ್ತಾರೆ? ಬ್ರಿಟನ್ನಿನ ಸಂಗೀತಗಾರರ ಯೂನಿಯನ್ 1893ರಷ್ಟು ಹಳೆಯದು, ಗಿಗ್‌ಗೆ ಬೇಕಾದ ಕರಾರಿನ ನಮೂನೆಯನ್ನು ಅದೇ ಸದಸ್ಯರಿಗೆ ಕೊಡುತ್ತದೆ.

ಮಾಲೀಕರೂ ಬ್ಯಾಂಡ್‌ಗಳೂ ಒಂದೇ ಕಡೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಮೆಲ್ಬರ್ನ್ ಸಾಕ್ಷಿ. ಅಲ್ಲಿ ಲೈವ್ ಸಂಗೀತವಿರುವ ಪಬ್ಬನ್ನು ಅಪಾಯದ ಜಾಗವೆಂದು ಎಣಿಸಿ ದುಬಾರಿ ಭದ್ರತಾ ಷರತ್ತು ಹಾಕಿದ್ದರು. 2010ರ ಜನವರಿಯಲ್ಲಿ 'ದ ಟೋಟ್' ಎಂಬ ಹೆಸರಾಂತ ಪಬ್ಬು ಆ ಖರ್ಚು ತಾಳಲಾರದೆ ಮುಚ್ಚಿತು. ಫೆಬ್ರವರಿ 23ರಂದು ಸಾವಿರಾರು ಜನ ಬೀದಿಗಿಳಿದರು, ಬಾರ್ ನಡೆಸುವವರು, ನುಡಿಸುವವರು, ಕೇಳುವವರು ಒಟ್ಟಿಗೆ. ಅದೇ ವರ್ಷ ಸರ್ಕಾರ ಸಂಗೀತಕ್ಕೂ ಅಪಾಯಕ್ಕೂ ಹಾಕಿದ್ದ ಗಂಟು ಬಿಚ್ಚಿತು. 2014ರಲ್ಲಿ ಇನ್ನೊಂದು ನಿಯಮ ಬಂತು: ಹೊಸದಾಗಿ ಬಂದವರೇ ಸದ್ದು ತಡೆಯುವ ಖರ್ಚು ಹೊರಬೇಕು. ಹಳೆಯ ಪಬ್ಬಿನ ಪಕ್ಕ ಅಪಾರ್ಟ್‌ಮೆಂಟ್ ಎದ್ದರೆ ಬಿಲ್ಡರ್, ಹಳೆಯ ಮನೆಗಳ ನಡುವೆ ಪಬ್ ಎದ್ದರೆ ಪಬ್ಬಿನವರು. ಇಂದಿರಾನಗರಕ್ಕೆ ಅನ್ವಯಿಸಿದರೆ ಹೊರೆ ಬಹುಪಾಲು ಪಬ್ಬುಗಳ ಮೇಲೇ ಬೀಳುತ್ತದೆ, ಅದು ಸರಿಯೂ ಹೌದು. ಇಂಗ್ಲೆಂಡಿನಲ್ಲಿ 2012ರ ಲೈವ್ ಮ್ಯೂಸಿಕ್ ಕಾಯ್ದೆ ಮದ್ಯದ ಲೈಸೆನ್ಸ್ ಇರುವ ಜಾಗಗಳಿಗೆ 200 ಜನರವರೆಗೆ ಬೆಳಿಗ್ಗೆ ಎಂಟರಿಂದ ರಾತ್ರಿ ಹನ್ನೊಂದರ ತನಕ ಹಾಡಿಗೆ ಬೇರೆ ಲೈಸೆನ್ಸ್ ಬೇಡ ಎಂದಿತು, ಮೂರು ವರ್ಷದ ನಂತರ ಆ ಸಂಖ್ಯೆ 500ಕ್ಕೆ ಏರಿತು.

ಬೆಂಗಳೂರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಮಾಲೀಕರ ಸಂಘ. ಅವರು ಕೇಳಿದ್ದು ತಮ್ಮ ವ್ಯಾಪಾರದ ಹಕ್ಕನ್ನು. 2005ರ ಆದೇಶ ಶಾಸನಸಭೆ ಮಾಡಿದ ಕಾಯ್ದೆಯಲ್ಲ, 31ನೇ ಕಲಮಿನಡಿ ಹೊರಟದ್ದು. ಅದೇ ಕಲಮು ಆದೇಶವನ್ನು ಬದಲಿಸುವ, ಹಿಂಪಡೆಯುವ ಅಧಿಕಾರವನ್ನೂ ಆಯುಕ್ತರಿಗೆ ಕೊಡುತ್ತದೆ. ಇಂತಿಷ್ಟು ಆಸನದೊಳಗಿನ ಮುಚ್ಚಿದ ಜಾಗ, ಹತ್ತಕ್ಕೆ ಮುಗಿಯುವ ಹಾಡು, ಬೆಂಕಿಯ ಎನ್‌ಒಸಿ, ಲಿಮಿಟರ್ ಹಾಕಿದ ಪಿಎ, ಕಲಾವಿದರೊಂದಿಗೆ ಸಹಿಯಾದ ಕರಾರಿನ ಪ್ರತಿ: ಇಷ್ಟಿದ್ದರೆ ಸರಳ ಲೈಸೆನ್ಸ್ ಎಂಬ ತಿದ್ದುಪಡಿಯ ಕರಡನ್ನು ಮಾಲೀಕರೂ ಸಂಗೀತಗಾರರೂ ನಿವಾಸಿಗಳ ಸಂಘದವರೂ ಕೂತು ಬರೆದು ಇನ್ಫೆಂಟ್ರಿ ರಸ್ತೆಯ ಆಯುಕ್ತರ ಕಚೇರಿಗೆ ಕೊಡಬಹುದು. ಕಲಾವಿದರ ಕರಾರನ್ನು ಲೈಸೆನ್ಸಿನ ಷರತ್ತಾಗಿಯೇ ಸೇರಿಸಿದರೆ, ಬ್ಯಾಂಡನ್ನು ಕೈಬಿಡುವ ನಿರ್ಧಾರಕ್ಕೂ ಮೊದಲ ಬಾರಿಗೆ ಒಂದು ಬೆಲೆ ಬರುತ್ತದೆ.